ಅಕ್ಕಿ ತಾಟಿನ ನಲಿನಿ

೨೩ ಜನವರಿ ೨೦೦೫, ರವಿವಾರ

ಈ ಡೈರಿ ಇವರ ಆಫೀಸಿನಾಗ ಕೊಟ್ಟದ್ದು. ಕಿರಾಣಿ ಯಾದಿ ಬರೀಲಿಕ್ಕೆ ಅಂತ ತಗೊಂಡಿದ್ದೆ. ಇವತ್ತ ಬ್ಯಾರೆ ಬರೀತೀನಿ. ಯಾರ ಮುಂದರೆ ಹೇಳದಿದ್ರ ತಲಿ ಸಿಡೀತದ, ಹೇಳೋಣಂದ್ರ ಯಾರೂ ಇಲ್ಲ. ಮಗಳು ಸೊಲ್ಲಾಪುರದಾಗ ತನ್ನ ಸಂಸಾರದಾಗ ಮುಳಗ್ಯಾಳ. ಅತ್ತಿಯವರ ಮುಂದ ಹೇಳಿದ್ರ ಅವರಿಗೆ ಹಬ್ಬ.

ಮುಂಜಾನೆ ಇಂಗ್ಲಿಷ್ ಪೇಪರಿನ ಪುರವಣಿಯೊಳಗ ಅರ್ಧ ಪುಟ ಬಂದದ, ‘ನಲಿನಿ ಯಾರು?’ ಅಂತ. ಅದೇ ಹಾಡಿನ ಸುದ್ದಿ. ‘ನಲಿನೀ, ಥೋಡಾ ರುಕೋ, ಮೈ ರಾಸ್ತೇ ಮೇ ಹ್ಞೂ.’ ಸ್ವಲ್ಪ ತಡಿ, ನಾ ದಾರ್ಯಾಗಿದ್ದೀನಿ ಅಂತ ಅರ್ಥ. ಗಿಟಾರು ಡ್ರಮ್ಮು ಬಡಕೊಂಡು ಹಾಡೋ ರಾಕ್ ಮಂದಿದಾದ್ರೂ ಒದರಾಟ ಇಲ್ಲ, ಮೆತ್ತಗ ಅಳಿಸೋ ಹಾಡು. ಎಪ್ಪತ್ತೊಂಬತ್ತರಾಗ ಇದೇ ಊರಿನ ‘ಮೂಸಿ ಎಕ್ಸ್‌ಪ್ರೆಸ್’ ಅನ್ನೋ ಕಾಲೇಜು ಹುಡುಗರ ಬ್ಯಾಂಡು ಮಾಡಿದ್ದು. ಹೋದ ವರ್ಷ ಒಂದು ಹಿಂದಿ ಸಿನಿಮಾದಾಗ ಮತ್ತ ಹಾಕಿದ್ಮ್ಯಾಲೆ ಮೆಹದಿಪಟ್ಟಣದ ಬಸ್‌ಸ್ಟ್ಯಾಂಡಿನಾಗ ನಾಕು ಫೋನು ಬಡಕೊಂಡ್ರ ಮೂರರಾಗ ಇದೇ ಹಾಡು.

ಹಾಡಿದಾಂವ ರಾಮಕೃಷ್ಣ, ಈಗ ಮುಂಬೈದಾಗ ದೊಡ್ಡ ಮನಷ್ಯಾ. ಹಾಡು ತಾನೇ ಬರದದ್ದು, ನಲಿನಿ ತನ್ನ ಓಣಿ ಹುಡುಗಿ ಅಂತ ಅಂವ ಹೇಳ್ಯಾನ. ಡ್ರಮ್ ಬಾರಸ್ತಿದ್ದ ಸುಬ್ಬರಾಯ ಇಲ್ಲೇ ದಿಲ್‌ಸುಖ್‌ನಗರದಾಗಿದ್ದಾನ. ಅಂವ ಹೇಳಿದ್ದೇ ಬ್ಯಾರೆ: ‘ಎಲ್ಲಾ ಸುಳ್ಳು. ಬರೆದದ್ದು ನಮ್ಮ ಗಿಟಾರಿನ ವಾಸುದೇವ. ನಲಿನಿ ಅವನ ಹುಡುಗಿ. ಅವನು ಈಗ ಎಲ್ಲೋ ಸರಕಾರಿ ನೌಕರಿಯಲ್ಲಿರಬೇಕು.’

ಎಲ್ಲೋ ಅಲ್ಲಪ್ಪ ಸುಬ್ಬರಾಯಾ, ಅದೇ ಹೆಸರಿನ ನನ್ನ ಗಂಡ, ಸರಕಾರಿ ನೌಕರ, ನನ್ನ ಮುಂದ ಕೂತು ಅವಲಕ್ಕಿ ತಿನ್ಲಿಕ್ಕತ್ತಿದ್ದ.

ನನ್ನ ಹೆಸರು ನಲಿನಿ. ಆದ್ರ ಹುಟ್ಟಿದ ಹೆಸರಲ್ಲ. ರಾಯಚೂರಾಗ ನಮ್ಮಪ್ಪ ಇಟ್ಟದ್ದು ಅಂಬುಬಾಯಿ, ಅಜ್ಜಿ ಹೆಸರು. ನಮ್ಮ ಮಂದ್ಯಾಗ ಮದುವಿ ದಿನ ತಾಟಿನಾಗ ಅಕ್ಕಿ ಹರವಿ, ಗಂಡ ಆದಾಂವ ಉಂಗುರಲೆ ಹೆಂಡತಿಯ ಹೊಸಾ ಹೆಸರು ಬರೀತಾನ. ಅತ್ತಿಯವರು ತಮ್ಮ ತಾಯಿ ಹೆಸರು, ವೆಂಕೂಬಾಯಿ, ಗಟ್ಟಿ ಮಾಡಿ ಭಟ್ಟರಿಗೂ ಹೇಳಿಟ್ಟಿದ್ರು. ಇವರು ಉಂಗುರ ಹಿಡಕೊಂಡು, ಯಾರ ಮಾರಿನೂ ನೋಡದ, ‘ನಲಿನಿ’ ಅಂತ ಬರದುಬಿಟ್ರು! ಅತ್ತಿಯವರು ಅವತ್ತ ಊಟಾ ಬಿಟ್ರು. ಇವತ್ತಿನತನಕ ನನ್ನ ಒಮ್ಮೆಯೂ ನಲಿನಿ ಅಂದಿಲ್ಲ. ಹಟಕ್ಕ ಬಿದ್ದು ‘ಏ ಅಂಬೂ’ ಅಂತಾರ.

ಇವರು ಎಂಥಾ ಪುಕ್ಕಲು ಅಂದ್ರ, ಹುಳುಕು ಬದನಿಕಾಯಿ ತಿರುಗಿ ಕೊಡಲಿಕ್ಕೂ ನನ್ನೇ ಕಳಸ್ತಾರ. ಅಂಥಾವರು ನನ್ನ ಸಲುವಾಗಿ ಹಡದಾಕಿ ಮಾತು ಮುರದ್ರಲ್ಲ ಅಂತ, ಆ ಒಂದು ಧೈರ್ಯದ ಮ್ಯಾಲೆ ಇಪ್ಪತ್ನಾಕು ವರ್ಷ ಸಂಸಾರ ಮಾಡೀನಿ. ಮದುವಿ ಆದ ಮರುವರ್ಷ ನಾಂಪಲ್ಲಿಯ ನುಮಾಯಿಷ್ ಪ್ರದರ್ಶನದಾಗ ಈ ಹಾಡು ಕೇಳಿದ್ದೆ. ‘ಅಯ್ಯ, ನನ್ನ ಹೆಸರು ಹಾಡ್ಲಿಕ್ಕತ್ತಾರ’ ಅಂತ ಕುಣದಿದ್ದೆ. ಇವರಿಗೆ ಹಾಡು ಸೇರ್ತಿರಬೇಕು, ಅದಕ್ಕ ಈ ಹೆಸರು ಇಟ್ಟಾರ ಅಂತ ತಿಳಕೊಂಡೆ. ಇವರು ಮಾತ್ರ ‘ಗದ್ದಲ ಭಾಳ ಅದ, ನಡಿ’ ಅಂತ ದರದರ ಎಳಕೊಂಡು ಬಂದಿದ್ರು.

ಹಾಡು ಎಪ್ಪತ್ತೊಂಬತ್ತರದು. ನನ್ನ ನೋಡಲಿಕ್ಕೆ ಬಂದದ್ದು ಎಂಬತ್ತೊಂದರಾಗ. ಹಂಗಾರ ಯಾವಾಕಿದೋ ಹೆಸರು ತಂದು ನನ್ನ ತಲಿಮ್ಯಾಲೆ ಹೊರಿಸಿ, ದಿನಕ್ಕ ಹತ್ತು ಸಲ ಅಕಿನ್ನ ಕರಕೋತ ಕೂತಾರ ಈ ಮನಷ್ಯಾ. ನಾ ಹುಚ್ಚಿ, ‘ಓ’ ಅನಕೋತ ಚಹಾ ತಂದು ಕೊಟ್ಟೀನಿ.

ದೇವರೇ, ಆ ರಾಮಕೃಷ್ಣನ ಮಾತೇ ಖರೇ ಆಗಲಿ. ಹಾಡು ಅವಂದೇ ಇರಲಿ.

೨೪ ಜನವರಿ, ಸೋಮವಾರ

ಕೇಳಿದೆ.

‘ಗಿಟಾರ್ ಬಾರಸ್ತಿದ್ರಂತ?’

‘ಹ್ಞೂ. ಕಾಲೇಜಿನಾಗ ಸುಮ್ಮನ.’

‘ಹಾಡೂ ಬರೀತಿದ್ರಂತ?’

‘ಯಾರಂದ್ರು?’

‘ಪೇಪರಿನವರು.’

‘ಪೇಪರಿನವರಿಗೆ ಬ್ಯಾರೆ ಕೆಲಸಿಲ್ಲ’ ಅಂದವರೇ ಡಬ್ಬಿ ಸೈತ ಬಿಟ್ಟು ಆಫೀಸಿಗೆ ಹೋದ್ರು. ಸುಳ್ಳು ಹೇಳಲಿಕ್ಕೆ ಬರದವರು ಹಿಂಗೇ ಓಡತಾರ. ಡಬ್ಬಿಯೊಳಗಿನ ಬೆಂಡಿಕಾಯಿ ಪಲ್ಯಾ ನಾನೇ ತಿಂದೆ. ಹಸದು ಬರಲಿ.

೨೬ ಜನವರಿ, ಬುಧವಾರ

ಆಫೀಸಿಗೆ ರಜಾ. ಬಾಜೂ ಮನಿ ಟೀವಿಯೊಳಗ ಆ ಹಾಡು ಬಂತು. ಇವರು ದಾಡಿ ಮಾಡಿಕೋತ ಇದ್ದವರು ಕಲ್ಲಾಗಿ ನಿಂತ್ರು. ಅರ್ಧ ಗಲ್ಲಕ್ಕ ಸಾಬಾಣ, ಕೈ ಮ್ಯಾಲೆ ಎತ್ತಿದ್ದು ಎತ್ತಿದಂಗ. ಹಾಡು ಮುಗದ ಮ್ಯಾಲೆ ತಮಗ ತಾವೇ ಅಂದ್ರು, ‘ಎರಡನೇ ಸಾಲು ಈಗೂ ತಪ್ಪೇ ಹಾಡ್ತಾನ.’

ಬರದಾಂವಗ ಅಲ್ಲದ ತಪ್ಪು ಯಾರಿಗೆ ಗೊತ್ತಾಗ್ತದ?

‘ನಲಿನೀ, ಟಾವೆಲ್ ಕೊಡು.’

‘ಯಾವ ನಲಿನಿ?’ ಅಂದೆ. ಚೇಷ್ಟಿ ಮಾಡ್ತೀನಿ ಅನಕೊಂಡು ನಕ್ಕರು. ಟಾವೆಲ್ ಒಗದೆ, ಮಾರಿಮ್ಯಾಲೇ ಬಿತ್ತು. ಬೀಳಲಿ.

೩೧ ಜನವರಿ, ಸೋಮವಾರ

ಕಣ್ಣು ತೋರಿಸಿ ಬರ್ತೀನಿ ಅಂತ ಅತ್ತಿಯವರಿಗೆ ಸುಳ್ಳು ಹೇಳಿ ದಿಲ್‌ಸುಖ್‌ನಗರಕ್ಕ ಹೋಗಿದ್ದೆ. ಮದುವಿ ಆದಾಗಿಂದ ಮೂಸಿ ಹೊಳಿ ದಾಟಿ ಒಬ್ಬಾಕಿನೇ ಹೋಗಿದ್ದು ಇದೇ ಮದಲು. ಒಂದು ಬಸ್ಸು ತಪ್ಪಿ ಹತ್ತಿದೆ. ಕಂಡಕ್ಟರಮ್ಮನ ಜೋಡಿ ನನ್ನ ಹರಕು ತೆಲುಗಿನಾಗೇ ಜಗಳಾಡಿ, ಇಳದು, ಇನ್ನೊಂದು ಹತ್ತಿದೆ.

ಸುಬ್ಬರಾಯ ಒಂದು ಕೋಚಿಂಗ್ ಸೆಂಟರಿನ ಮ್ಯಾಲಿನ ಮಾಳಗ್ಯಾಗ ಹುಡುಗರಿಗೆ ಡ್ರಮ್ಮು ಕಲಸ್ತಾನ. ಕೆಳಗ ಗಣಿತ, ಮ್ಯಾಲೆ ಧಡಬಡ. ಅಂವ ಬೆಳದದ್ದು ಕಾರ್ಖಾನಿ ನೌಕರರ ಕಾಲನಿಯೊಳಗ, ಉಡುಪಿ ಕಡೆ ಕನ್ನಡ ಮಂದಿ. ಕನ್ನಡ ಮಹಿಳಾ ಮಂಡಳದ ಪತ್ರಿಕಾಕ್ಕ ಬರೀತೀನಿ ಅಂದೆ. ಹೆಸರು ಕೇಳಿದ. ನಲಿನಿ ಅಂದ್ರ ಕೆಟ್ಟಿತಲ್ಲ! ‘ಅಂಬುಬಾಯಿ’ ಅಂದೆ. ಎಷ್ಟ ವರ್ಷದ ಮ್ಯಾಲೆ ಆ ಹೆಸರು ನನ್ನ ಬಾಯಾಗ ಬಂತೋ ಏನೋ, ನಾಲಿಗಿ ತಡವರಸ್ತು.

‘ಬರೆದದ್ದು ವಾಸುವೇ ಅಮ್ಮಾ, ನೂರಕ್ಕೆ ನೂರು’ ಅಂದ. ‘ಟ್ಯೂನೂ ಅವನದ್ದೇ. ರೆಕಾರ್ಡ್ ಆಗುವ ಹೊತ್ತಿಗೆ ಅವನಿಗೆ ಸರಕಾರಿ ನೌಕರಿ ಆರ್ಡರ್ ಬಂತು. ಅಪ್ಪ ಹಠ ಹಿಡಿದರು, ಇಂಥ ಪೋಕರಿ ಕೆಲಸಕ್ಕೆ ಮನೆತನದ ಹೆಸರು ಬರಬಾರದು ಅಂತ. ಇವನು ಹೆದರಿ, ನಿನ್ನ ಹೆಸರೇ ಹಾಕ್ಕೋ ಮಾರಾಯಾ ಅಂತ ರಾಮಕೃಷ್ಣನಿಗೆ ಹೇಳಿಬಿಟ್ಟ. ರಾಮಕೃಷ್ಣ ಹಾಕ್ಕೊಂಡ. ಈಗ ನಿಜವಾಗಿ ತಾನೇ ಬರೆದೆ ಅಂತ ನಂಬಿದ್ದಾನೆ.’

‘ನಲಿನಿ?’

‘ಹುಡುಗಿ ಇದ್ದೇ ಇದ್ದಳು. ಇಲ್ಲದಿದ್ದರೆ ಅಂಥ ಹಾಡು ಬರ್ತದಾ?’

ಒಂದು ಹಳೇ ಫೋಟೋ ಕೊಟ್ಟ. ನಾಕು ಹುಡುಗರು, ಬಾಜೂಕ ಒಬ್ಬಾಕಿ ಹುಡುಗಿ. ‘ಇವಳು ಕಮಲಾಕ್ಷಿ. ದಿನಾ ಪ್ರಾಕ್ಟೀಸಿಗೆ ಬರ್ತಿದ್ದಳು. ಅವಳಿಗೆ ಎಲ್ಲಾ ಗೊತ್ತು. ನಮ್ಮ ಕಾಲನಿ ಶಾಲೆಯಲ್ಲಿ ಭೂಗೋಳ ಕಲಿಸ್ತಾಳೆ, ಕೇಳಿ.’

ಫೋಟೋ ಕುಪ್ಪಸದಾಗ ಇಟಗೊಂಡು ಬಂದೆ.

೧ ಫೆಬ್ರವರಿ, ಮಂಗಳವಾರ

ಸಾರಿಗೆ ಉಪ್ಪು ಹಾಕಲಿಲ್ಲ. ಯಾರೂ ಏನೂ ಅನಲಿಲ್ಲ. ಅಂದಿದ್ರ ಛಲೋ ಇತ್ತು.

೬ ಫೆಬ್ರವರಿ, ರವಿವಾರ

ಆರು ದಿನದಿಂದ ಆ ಫೋಟೋ ನೋಡಿ ನೋಡಿ ಕಣ್ಣು ಬೆಳ್ಳಗಾದ್ವು. ಕಮಲಾಕ್ಷಿ ಗಿಟಾರಿನ ಮ್ಯಾಲೆ ಕೈ ಇಟಗೊಂಡು ನಿಂತಾಳ, ತನ್ನಪ್ಪನ ಆಸ್ತಿ ಇದ್ದಂಗ. ಎರಡು ಜಡಿ. ಮೂಗು ಜರಾ ಮೊಂಡ, ಆದ್ರ ಕಣ್ಣು ಛಲೋ ಅವ, ಸುಡಲಿ. ಇವರು ಅಕಿ ಕಡೆ ನೋಡಿಲ್ಲ, ಎತ್ತಲೋ ನೋಡ್ಲಿಕ್ಕತ್ತಾರ, ತಲಿ ತುಂಬ ಕೂದಲು, ಕೊರಳ ಗುಂಡಿ ಬಿಚ್ಚಿ ನಿಂತಾರ. ಈ ಮನಷ್ಯಾ ನನಗ ಒಂದು ದಿನವೂ ಸಿಕ್ಕಿಲ್ಲ. ನನಗ ಸಿಕ್ಕಿದ್ದು ಕೊರಳತನಕ ಗುಂಡಿ ಹಾಕಿದಾಂವ.

ಇವರು ಮಧ್ಯಾಹ್ನ ಮಲಗಿದಾಗ ಟ್ರಂಕು ತಗದು ಹುಡುಕಿದೆ. ಮಾರ್ಕ್ಸ್ ಕಾರ್ಡು, ಮಗಳ ಜಾತಕ, ನನ್ನ ಮದುವಿ ಲಗ್ನಪತ್ರಿಕಾ. ಪತ್ರ ಗಿತ್ರ ಒಂದೂ ಇಲ್ಲ. ಗಿಟಾರಿನ ಒಂದು ತಂತಿ ಮಾತ್ರ ಸುರುಳಿ ಸುತ್ತಿ ಕಾಗದದಾಗ ಕಟ್ಟಿಟ್ಟಾರ. ಒಗದುಬಿಡಬೇಕು ಅನಿಸ್ತು. ಒರಿಸಿ, ಬ್ಯಾರೆ ಛಲೋ ಕಾಗದದಾಗ ಸುತ್ತಿ ಇಟ್ಟೆ. ಯಾಕ ಇಟ್ಟೆನೋ.

೧೦ ಫೆಬ್ರವರಿ, ಗುರುವಾರ

ಹೋದೆ. ಬರೀಲೇಬೇಕು, ಒಂದೂ ಬಿಡದಂಗ.

ಕಾರ್ಖಾನಿ ಕಾಲನಿಯೊಳಗ ಎಲ್ಲಾ ಮನಿ ಒಂದೇ ಥರ, ಒಂದೇ ಹಳದಿ ಬಣ್ಣ. ಕಮಲಾಕ್ಷಿ ಶಾಲಿಯಿಂದ ಆಗಷ್ಟೇ ಬಂದಿದ್ಲು. ಕೂದಲು ಕತ್ತರಿಸ್ಯಾಳ, ಸಣ್ಣಗ ಇದ್ದಾಳ, ಹೊಟ್ಟಿ ಇಲ್ಲ. ಅಷ್ಟಕ್ಕೇ ಅರ್ಧಾ ಸತ್ತೆ. ಮಹಿಳಾ ಮಂಡಳ, ಪತ್ರಿಕಾ ಅಂತ ಶುರು ಮಾಡಿದೆ. ಅಕಿ ಬಾಗಲದಾಗೇ ನನ್ನ ಕಾಲಿಂದ ತಲಿತನಕ ನೋಡಿದ್ಲು.

‘ನೀವು ವಾಸುವಿನ ಹೆಂಡತಿ ಅಲ್ವಾ? ನಲಿನಿ?’

‘ನಿಮಗ ಹೆಂಗ ಗೊತ್ತು?’ ಅಂದೆ.

‘ಒಮ್ಮೆ ಕೋಠಿ ಬಜಾರಿನಲ್ಲಿ ದೂರದಿಂದ ನೋಡಿದ್ದೆ. ಮರೀಲಿಕ್ಕೆ ಆಗ್ತದಾ ಮಾರಾಯ್ರೆ? ನಿಮ್ಮ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತು! ಒಳಗೆ ಬನ್ನಿ.’

ನನ್ನ ಮ್ಯಾಲೆ! ನಾ ಅಕಿನ್ನ ಬೈಲಿಕ್ಕೆ ದಾರಿ ತುಂಬ ಮಾತು ಹೊಂದಿಸ್ಕೊಂಡು ಹೋಗಿದ್ದೆ. ಅಕಿ ನನ್ನ ಕೂಡಿಸಿ ಬಿಸಿ ಬಿಸಿ ಗೋಳಿಬಜೆ ಕೊಟ್ಲು.

ಅಕಿ ಹೇಳಿದ್ದು ಹಿಂಗ. ಇವರ ಮ್ಯಾಲೆ ಅಕಿಗೆ ಮನಸಿತ್ತು. (ಎಷ್ಟ ಸರಾಗ ಹೇಳಿಬಿಟ್ಲು! ನನ್ನ ಬಾಯಾಗಿನ ಬಜಿ ಅಲ್ಲೇ ನಿಂತು.) ಅದಕ್ಕ ದಿನಾ ಪ್ರಾಕ್ಟೀಸಿಗೆ ಹೋಗಿ ಕೂಡ್ತಿದ್ಲು. ಒಂದಿನ ಇವರು ಆ ಹಾಡು ಬರಕೊಂಡು ಬಂದ್ರು. ಅಕಿ ಹೊಟ್ಟಿಯೊಳಗ ಬೆಂಕಿ ಬಿತ್ತು. ‘ಯಾರಿದು ನಲಿನಿ? ನನ್ನ ಹೆಸರು ಹಾಕಿ ಹಾಡು ನೋಡುವಾ’ ಅಂದ್ಲಂತ. ಇವರು ಪಾಪ ‘ಕಮಲಾಕ್ಷೀ’ ಅಂತ ಹಾಡಿ ನೋಡಿದ್ರಂತ, ಟ್ಯೂನಿನಾಗ ಕೂಡಲಿಲ್ಲಂತ.

‘ಯಾರು ಅಂತ ಹೇಳಲೇ ಇಲ್ಲೇನ್ರಿ?’

‘ಹೇಳಿದ. ಅವತ್ತು ಹೇಳಿದ ಮಾತು ಹಾಗೇ ನೆನಪಿದೆ. “ಇನ್ನೂ ಯಾರೂ ಅಲ್ಲ. ಬರ್ತಾಳ” ಅಂದ. ಊರಲ್ಲಿ ಯಾರೋ ಇದ್ದಾಳೆ, ಸುಳ್ಳು ಹೇಳ್ತಾನೆ ಅಂತ ನಾನು ನಂಬಲಿಲ್ಲ. ಆಮೇಲೆ ಲಗ್ನಪತ್ರಿಕೆ ಬಂತು, ವಧು ಅಂಬುಬಾಯಿ. ಸದ್ಯ, ಆ ನಲಿನಿಗೂ ಇವನು ಸಿಕ್ಕಲಿಲ್ಲ ಅಂತ ಖುಷಿಪಟ್ಟೆ. ವಾರ ಕಳೆದ ಮೇಲೆ ಮದುವೆಗೆ ಹೋಗಿದ್ದವರು ಯಾರೋ ಬಂದು ಹೇಳ್ತಾರೆ, ಅಂಬುಬಾಯಿಗೇ ನಲಿನಿ ಅಂತ ಹೆಸರಿಟ್ಟನಂತೆ! ಎರಡು ದಿನ ಊಟ ಸೇರಲಿಲ್ಲ ನನಗೆ.’

ಆಮ್ಯಾಲೆ ಅಕಿ ನಗಲಿಕ್ಕೆ ಶುರು ಮಾಡಿದ್ಲು. ನನಗೂ ನಗು ಬಂತು. ಅಕಿ ಗಂಡ ಒಳಗಿಂದ ಇಣಕಿ ನೋಡಿ ಹೋದ.

ಬಸ್ಸಿನಾಗ ಬರೋವಾಗ ‘ಅಂಬುಬಾಯೀ, ಥೋಡಾ ರುಕೋ’ ಅಂತ ಸಣ್ಣ ದನಿಯೊಳಗ ಹಾಡಿ ನೋಡಿದೆ. ಕೂಡೂದಿಲ್ಲ. ಬಾಜೂದಾಕಿ ಹುಡುಗಿ ಎದ್ದು ಬ್ಯಾರೆ ಸೀಟಿಗೆ ಹೋದ್ಲು.

೧೨ ಫೆಬ್ರವರಿ, ಶನಿವಾರ

ಯಾರೂ ಇಲ್ಲಂತ. ಸಮಾಧಾನ ಆಗಬೇಕಿತ್ತಲ್ಲ? ಆಗಿಲ್ಲ. ಹೆಚ್ಚಾಗ್ಯದ.

ಕಮಲಾಕ್ಷಿ ಆಗಿದ್ರ ಛಲೋ ಇತ್ತು. ಅಕಿಗೆ ಮೊಂಡ ಮೂಗದ, ವಯಸ್ಸಾಗ್ಯದ, ಜಗಳಾಡಬಹುದು. ಈ ನಲಿನಿಗೆ ಮೂಗೇ ಇಲ್ಲ! ಅಕಿಗೆ ಬ್ಯಾನಿಲ್ಲ ಬ್ಯಾಸರಿಲ್ಲ, ಕೂದಲು ಉದುರೂದಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ಎಂಥಾಕಿನ್ನ ಮನಸಿನಾಗ ಕಟಗೊಂಡಿದ್ನೋ ಯಾರಿಗೆ ಗೊತ್ತು. ಮದಲು ಕುಪ್ಪಸಾ ಹೊಲಿಸಿಟಗೊಂಡು, ಆಮ್ಯಾಲೆ ಯಾವಾಕಿಗೆ ಬರ್ತದ ಅಂತ ಹುಡಿಕ್ಯಾರ. ರಾಯಚೂರಿನ ಅಂಬುಬಾಯಿ ಸಿಕ್ಕಳು, ತೊಡಿಸಿಬಿಟ್ರು. ಅಂಬುಬಾಯಿನ್ನ ಯಾರು ನೋಡಿದ್ರು? ಅಕಿ ಅಕ್ಕಿ ತಾಟಿನ ಮುಂದ ತಲಿ ಬಗ್ಗಿಸಿ ಕೂತಾಕಿ, ಎದ್ದಾಗ ಇರಲೇ ಇಲ್ಲ.

ಇಷ್ಟ ಬರದು ಕಣ್ಣು ಒರಿಸ್ಕೋತಿದ್ದೆ. ಅತ್ತಿಯವರು ಜಪಾ ಮುಗಿಸಿ ‘ಏ ಅಂಬೂ, ಮಾರಿ ಯಾಕ ಹಂಗದ? ಬಾ ಇಲ್ಲಿ’ ಅಂದ್ರು. ಹೋದೆ. ನೀಲಗಿರಿ ಎಣ್ಣಿ ತಗದು ನನ್ನ ಹಣಿಗೆ ಹಚ್ಚಿ ತಿಕ್ಕಿದ್ರು. ಏನೂ ಕೇಳಲಿಲ್ಲ. ಇಷ್ಟ ವರ್ಷ ಈ ಮನ್ಯಾಗ ನನ್ನ ನನ್ನ ಹೆಸರಿಲೇ ಕರದಾಕಿ ಈ ಮುದುಕಿ ಒಬ್ಬಾಕಿನೇ. ನಾ ಅದಕ್ಕ ದಿನಾ ಬೈಕೊಂಡೀನಿ.

೧೩ ಫೆಬ್ರವರಿ, ರವಿವಾರ

ಪೇಪರಿನಾಗ ಮತ್ತ ಬಂತು. ರಾಮಕೃಷ್ಣ ಅಂದಾನ, ‘ವಾಸುದೇವ ಅಂತ ಒಬ್ಬ ಇದ್ದ, ಸಾಧಾರಣ ಗಿಟಾರಿಸ್ಟ್, ನನ್ನ ಹಾಡಿಗೆ ಎರಡು ಸ್ವರ ಹೇಳಿಕೊಟ್ಟಿರಬಹುದು.’

ಸಾಧಾರಣ! ಎರಡನೇ ಸಾಲು ಇಪ್ಪತ್ತೈದು ವರ್ಷ ಆದ್ರೂ ಸರಿ ಹಾಡ್ಲಿಕ್ಕೆ ಬರದಾಂವ ಇಂವ! ಇವರು ಪೇಪರ್ ಮಡಚಿಟ್ಟು ಕಾಯಿಪಲ್ಯೆ ತರಲಿಕ್ಕೆ ಹೋದ್ರು. ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. ಪೇಪರಿನಾಗ ಈ ಸುದ್ದಿ ಬರದಾಕಿ ಹೆಸರಿನ ಕೆಳಗ ನಂಬರು ಇತ್ತು, ಹಚ್ಚಿದೆ.

‘ನೋಡ್ರಿ, ಆ ಹಾಡು ನಮ್ಮ ಮನಿಯವರು ಬರದದ್ದು. ಅಕ್ಷರ ಅಕ್ಷರ ಅವರದು. ಕಣ್ಣಿಲೆ ನೋಡಿದವರು ಇಬ್ಬರಿದ್ದಾರ, ಅವರ ನಂಬರು ಬರಕೋರಿ’ ಅಂತ ಹಿಂದಿಯೊಳಗ ಸುರು ಮಾಡಿದಾಕಿ ಯಾವಾಗ ಕನ್ನಡಕ್ಕ ಬಂದೆನೋ ಗೊತ್ತಿಲ್ಲ. ಆ ಹುಡುಗಿ ಹ್ಞೂ ಹ್ಞೂ ಅಂದ್ಲು. ಆಮ್ಯಾಲೆ ಮೆತ್ತಗ ಕೇಳಿದ್ಲು, ‘ಮೇಡಂ, ಹಾಗಾದ್ರೆ ನಲಿನಿ ಯಾರು? ನೀವಾ?’

ಹೌದು ಅನಬಹುದಿತ್ತು. ನಾಳೆ ಪೇಪರಿನಾಗ ನನ್ನ ಫೋಟೋ ಬರ್ತಿತ್ತು.

‘ಅಲ್ಲ’ ಅಂದೆ. ‘ನಾ ಅಂಬುಬಾಯಿ. ಅಕಿ ಯಾರೋ ನನಗ ಗೊತ್ತಿಲ್ಲ.’

೧೫ ಫೆಬ್ರವರಿ, ಮಂಗಳವಾರ

ಪೇಪರಿನ ಹುಡುಗಿ ಇವರ ಆಫೀಸಿಗೆ ಫೋನು ಮಾಡ್ಯಾಳ. ‘ನಿಮ್ಮ ಮನಿಯವರು ಅಂಬುಬಾಯಿ ಹೇಳಿದ್ರು’ ಅಂದಾಳ. ಇವರು ಐದಕ್ಕೇ ಮನಿಗೆ ಬಂದ್ರು. ಚಪ್ಪಲಿ ಕಳೀದ ಅಡಿಗಿ ಮನಿ ಬಾಗಲದತನಕ ಬಂದು, ನೆನಪಾಗಿ, ತಿರುಗಿ ಹೋಗಿ ಕಳದು ಬಂದ್ರು. ಹೊಸ್ತಿಲದ ಮ್ಯಾಲೆ ಕೂತ್ರು. ನಾ ಚಪಾತಿ ಲಟ್ಟಸ್ತಿದ್ದೆ.

‘ನಲಿನೀ.’

ಓ ಅನಲಿಲ್ಲ.

‘ಸಿಟ್ಟಾಗೀ ಏನು?’

‘ಅಕ್ಕಿಯೊಳಗ ಆ ಹೆಸರು ಯಾಕ ಬರದ್ರಿ? ಅಷ್ಟ ಹೇಳ್ರಿ. ಬ್ಯಾರೆ ಏನೂ ಬ್ಯಾಡ.’

ನಾ ಎರಡು ಚಪಾತಿ ಸುಟ್ಟೆ. ಆಮ್ಯಾಲೆ ಹೇಳಿದ್ರು, ನೆಲಾ ನೋಡಿಕೋತ. ‘ಮದುವಿ ವಾರದಾಗೇ ಅಪ್ಪ ಗಿಟಾರು ತಗೊಂಡು ಹೋಗಿ ಯಾರಿಗೋ ಕೊಟ್ಟು ಬಂದಿದ್ರು. ಹಾಡಿಗೆ ಹೆಸರು ರಾಮಕೃಷ್ಣಂದು ಆಗಿತ್ತು. ನನ್ನ ಕಡೆ ಏನೂ ಉಳದಿರಲಿಲ್ಲ. ಭಟ್ಟರು ಉಂಗುರ ಕೈಯಾಗ ಕೊಟ್ರು. ಇದೊಂದರೆ ಮನ್ಯಾಗ ಇರಲಿ ಅನಿಸ್ತು. ಬರದೆ.’

‘ಹಂಗಾರ ನಾ ನಿಮ್ಮ ಹಾಡು ಇಡೋ ಮಾಡ. ದೀಪಾ ಇಡೋ ಮಾಡ ಇರ್ತದಲ್ಲ ಗ್ವಾಡ್ಯಾಗ, ಹಂಗ.’

ಇಲ್ಲ ಅಂತಾರ ಅನಕೊಂಡಿದ್ದೆ. ಈ ಮನಷ್ಯಾಗ ಸುಳ್ಳು ಬರೂದಿಲ್ಲ ನೋಡ್ರಿ. ‘ಮದಲು ಹಂಗೇ ಇತ್ತು’ ಅಂದ್ರು.

ನನ್ನ ಕಣ್ಣಾಗಿನ ನೀರು ಹಿಟ್ಟಿನಾಗ ಬಿತ್ತು. ‘ಆಮ್ಯಾಲೆ?’

‘ಆಮ್ಯಾಲೆ ಏನಾತಂದ್ರ, ನಲಿನಿ ಅಂದ್ರ ಹಾಡು ನೆನಪಿಗೆ ಬರೂದು ನಿಂತುಹೋತು. ನೀನೇ ಬರ್ತಿ. ಹಿಟ್ಟಿನ ಕೈ, ಸಿಟ್ಟಿನ ಮಾರಿ, ನೀನೇ. ಮೊನ್ನೆ ಟೀವಿಯೊಳಗ ಹಾಡು ಬಂದಾಗ ಅದಕ್ಕೇ ದಿಕ್ಕು ತಪ್ಪಿ ನಿಂತೆ. ನನ್ನ ಹೇಣ್ತಿ ಹೆಸರು ಹಿಡದು ಯಾಕ ಒದರ್ತಾನಿಂವ ಅಂತ ಸಿಟ್ಟೇ ಬಂತು.’

ಇಪ್ಪತ್ನಾಕು ವರ್ಷದಾಗ ಇವರು ಒಮ್ಮಿಗೆ ಇಷ್ಟ ಮಾತಾಡಿದ್ದು ನಾ ಕಾಣೆ. ಒಲಿ ಆರಿಸಿದೆ. ಆದ್ರ ಇಷ್ಟಕ್ಕೇ ಬಿಡಾಕಿ ನಾನಲ್ಲ.

‘ಒಮ್ಮೆ ಅಂಬುಬಾಯಿ ಅಂತ ಕರೀರಿ.’

‘ಈಗೇನು?’

‘ಕರೀರಿ ಅಂದ್ರ ಕರೀರಿ. ಅಕಿನ್ನ ಒಮ್ಮೆಯೂ ಕರದಿಲ್ಲ ನೀವು. ಆ ತಾಟಿನ ಮುಂದ ಅಕಿ ಎಷ್ಟ ಹೊತ್ತು ಕಾದು ಕೂತಿದ್ಲು ಗೊತ್ತೇನು?’

ಇವರು ಎದ್ದು ನಿಂತ್ರು. ಒಳಗ ಅತ್ತಿಯವರು ಇದ್ದಾರೇನು ಅಂತ ಹಣಿಕಿ ನೋಡಿದ್ರು. ಅಂಗಿ ಮ್ಯಾಲಿನ ಗುಂಡಿ ಮುಟ್ಟಿಕೊಂಡ್ರು. ಕಿವಿತನಕ ಕೆಂಪಗಾಗಿ, ಯಾರದೋ ಮನಿ ಹುಡುಗಿನ್ನ ಮಾತಾಡಿಸಿದಂಗ ಅಂದ್ರು, ‘ಅಂಬೂ…’

ತಾಟಿನ ಮುಂದ ಕೂತಂಗ ತಲಿ ಬಗ್ಗಿಸಿದೆ.

ಆವಾಗಿಂದ ಮಾತ್ರ ಹೊಟ್ಟಿಯೊಳಗ ಉರಿ ಬಿಟ್ಟಿಲ್ಲ. ಇದನ್ನ ಬರೀಬೇಕೋ ಬ್ಯಾಡೋ ಅಂತ ಇಷ್ಟ ಹೊತ್ತು ಕೂತೆ, ಬರೀತೀನಿ. ಆ ಅಂಬೂನ್ನ ಕರಿಯೋವಾಗ ಇವರ ದನಿ ಎಷ್ಟ ಮೆತ್ತಗಿತ್ತು! ಇಷ್ಟ ವರ್ಷ ಇವರ ಅಡಿಗಿ ಮಾಡಿ, ಅಂಗಿ ಒಗದು, ಮಗಳನ್ನ ಹಡದು ಕೊಟ್ಟೀನಿ ನಾ. ನಲಿನಿ ಅಂತ ನನ್ನ ಒಮ್ಮೆಯರೆ ಹಂಗ ಕರದಾರೇನು?